ನಿನ್ನೆಯ ಎಲೆ

ಹೆಂಡತಿ ರಮ್ಯಾಳಿಗೆ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ ಎನ್ನುವುದು ಬಸ್ಸು ತೊರಪಳ್ಳಿ ದಾಟುವ ತನಕ ಹಾಲನಿಗೆ ಹಲ್ಲುಸಂದಿಗೆ ಸಿಕ್ಕಿದ ನಾರಿನ ಹಾಗೆ ಕಿರಿಕಿರಿ ಮಾಡುತ್ತಲೇ ಇತ್ತು. ಭಾನುವಾರ, ಟೀ ಫ್ಯಾಕ್ಟರಿಯಲ್ಲಿ ಮೆಷೀನು ತೊಳೆಯುವ ದಿನ. ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟಿದ್ದನ್ನು ಕಂಡು ಅವಳು ಒಲೆಯ ಮುಂದಿನಿಂದಲೇ ಕತ್ತು ತಿರುಗಿಸಿ, "ಏನ, ಹೆಣ್ಣು ನೋಡೋಕೆ ಹೊರಟೆಯಾ?" ಎಂದಳು. ಮಸಿನಗುಡಿಗೆ ಹೋಗಿ ಬರುತ್ತೇನೆ ಎಂದ. "ಆನೆ ನೋಡೋಕಾ? ಆನೆ ಇಲ್ಲೇ ಬಾಗಿಲಿಗೆ ಬತ್ತದಲ್ಲ, ಬಸ್ ಚಾರ್ಜು ದಂಡ." ಅವನು ನಕ್ಕು ಚಪ್ಪಲಿ ಮೆಟ್ಟಿಕೊಂಡ. ಅಲ್ಲಿ ತನಗಿಂತ ಮುಂಚೆ ಈ ಕೆಲಸದಲ್ಲಿದ್ದ ಸುರೇಂದ್ರನ್ ಇದ್ದಾನೆ, ಅವನನ್ನು ಕಾಣಬೇಕು ಎಂದಿದ್ದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು. ಆ ಒಂದು ಯಾಕೆಗೆ ಉತ್ತರ ಕೊಡಲು ಹೋದರೆ, ತಾನು ಇಳಿಸುವ ಟೀ ಮಧ್ಯಾಹ್ನ ದಾಟಿತೆಂದರೆ ಮಂಕಾಗುತ್ತದೆ, ಕಾರಣ ತನಗೆ ತಿಳಿಯುತ್ತಿಲ್ಲ, ಈ ತಿಂಗಳು ಕಳೆದರೆ ತನ್ನ ಪರೀಕ್ಷೆಯ ಅವಧಿ ಮುಗಿಯುತ್ತದೆ, ಆಮೇಲೆ ಫ್ಯಾಕ್ಟರಿಯ ಮಾಲೀಕ, ಮುದಲಾಳಿ ಗೋಪಾಲನ್ ಇಟ್ಟುಕೊಂಡರೂ ಇಟ್ಟುಕೊಂಡರು, ಕಳಿಸಿದರೂ ಕಳಿಸಿದರು, ಕಳಿಸಿದರೆ ಕ್ವಾರ್ಟರ್ಸು ಬಿಟ್ಟು ಕುಂದಾ ಕಡೆಯ ಹಟ್ಟಿಗೆ ಪಾತ್ರೆಪಗಡೆ ಕಟ್ಟಿಕೊಂಡು ಹಿಂದಕ್ಕೆ ಹೋಗಬೇಕು, ಎಂದು ಎಲ್ಲವನ್ನೂ ಬಿಚ್ಚಬೇಕಾಗುತ್ತಿತ್ತು. ಅವಳು ಬೈಯುವವಳಲ್ಲ. "ಹೋಗಲಿ ಬಿಡು" ಎನ್ನುತ್ತಿದ್ದಳು. ಆ "ಹೋಗಲಿ ಬಿಡು" ಎಂಬುದನ್ನು ಕೇಳಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ರಸ್ತೆಯ ಅಂಚಿಗೆ ಜಿಂಕೆಗಳು ಮೇಯುತ್ತಿದ್ದವು. ಬಸ್ಸಿನೊಳಗೆ ಯಾರೂ ಅವುಗಳತ್ತ ನೋಡುತ್ತಿರಲಿಲ್ಲ. ಕೂತಲ್ಲಿಯೇ ಹಾಲನಿಗೆ ತನ್ನ ಆಫೀಸಿನ ಮೂಲೆಯಲ್ಲಿ ಬಿದ್ದಿರುವ ನೀಲಿ ಪಟ್ಟಿಯ ರಬ್ಬರು ಚಪ್ಪಲಿಗಳು ಕಣ್ಣಿಗೆ ಕಟ್ಟಿದವು. ಅವು ಸುರೇಂದ್ರನ್ ಬಿಟ್ಟುಹೋದವು. ಐದು ತಿಂಗಳ ಹಿಂದೆ ಈ ಕೆಲಸಕ್ಕೆ ಬಂದ ದಿನ ಅವು ಅಲ್ಲಿದ್ದವು, ಇಂದಿಗೂ ಇವೆ. ಎಸೆಯಲು ಕೈ ಬಂದಿಲ್ಲ, ಕೊಟ್ಟು ಕಳಿಸಲು ಮನಸ್ಸು ಬಂದಿಲ್ಲ. ಕಸ ಗುಡಿಸುವವಳು ದಿನವೂ ಅವನ್ನು ಎತ್ತಿ, ಗುಡಿಸಿ, ಅದೇ ಜಾಗದಲ್ಲಿ ಜೋಡಿಯಾಗಿ ಇಡುತ್ತಾಳೆ, ಒಡೆಯ ಈಗಷ್ಟೇ ಒಳಗೆ ಹೋಗಿದ್ದಾನೆ ಎಂಬಂತೆ. ಟೀ ಮೇಕರ್ ಎಂದರೆ ಫ್ಯಾಕ್ಟರಿಯ ಮಟ್ಟಿಗೆ ಮೂಗೂ ಅವನೇ, ನಾಲಗೆಯೂ ಅವನೇ. ಗೇಟಿನೊಳಗೆ ಬಂದ ಹಸಿರೆಲೆ ಪುಡಿಯಾಗಿ ಮೂಟೆ ಸೇರುವ ತನಕ ಅದರ ಹೊಣೆ ಅವನದು. ಕುಂದಾ ಕಡೆಯ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಸಹಾಯಕನಾಗಿದ್ದ ಹಾಲನಿಗೆ, ಗೂಡಲೂರಿನಲ್ಲಿ ಮೇಕರ್ ಹುದ್ದೆ ಖಾಲಿಯಾಗಿದೆ ಎಂದು ಕೂನೂರಿನ ಟೀ ಮೇಕರ್ ದಿನೇಶ್‌ಕುಮಾರ್ ಫೋನು ಮಾಡಿದಾಗ, ಯಾಕೆ ಖಾಲಿಯಾಯಿತು ಎಂದು ಕೇಳಬೇಕೆಂದು ತೋಚಿರಲಿಲ್ಲ. ತೋಚಿತ್ತು. ಕೇಳಲಿಲ್ಲ. ಕೇಳಿದ್ದರೆ ಬರಲಾಗುತ್ತಿರಲಿಲ್ಲವೇನೋ.

ತೆಪ್ಪಕಾಡಿನಲ್ಲಿ ಬಸ್ಸು ನಿಂತಿತು. ಜೇಬಿನಲ್ಲಿ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ನೀಲಗಿರಿಯ ಟೀ ಮೇಕರುಗಳೆಲ್ಲ ಸೇರಿದ ವಾಟ್ಸಾಪ್ ಗುಂಪು. ನೋಡದೆಯೂ ಗೊತ್ತು, ಯಾರೋ ದೀಪದ ಚಿತ್ರ ಹಾಕಿ ಶುಭೋದಯ ಹೇಳಿರುತ್ತಾರೆ. ಅದರಲ್ಲಿ ಯಾರ ಟೀಯೂ ಕೆಟ್ಟದ್ದಿಲ್ಲ. ಟೀ ಹರಾಜಿನಲ್ಲಿ ಒಳ್ಳೆಯ ಬೆಲೆ ಬಂದವರು ಅದನ್ನು ಹಾಕುತ್ತಾರೆ, ಉಳಿದವರು ಹೆಬ್ಬೆರಳು ಎತ್ತುತ್ತಾರೆ. ನನಗೆ ಹೀಗಾಗಿದೆ, ಏನು ಮಾಡಲಿ ಎಂದು ಕೇಳಿದವನನ್ನು ಹಾಲ ಅಲ್ಲಿ ಕಂಡಿಲ್ಲ. ಎರಡು ತಿಂಗಳ ಹಿಂದೆ ದಿನೇಶ್‌ಕುಮಾರ್ ಅದರಲ್ಲಿ ಒಂದು ಫೋಟೋ ಹಾಕಿದ್ದ. ಮಸಿನಗುಡಿಯ ಯಾವುದೋ ಅಂಗಡಿ. ಹೊಗೆ ಹಿಡಿದ ಬಾಯ್ಲರಿನ ಹಿಂದೆ ಸುರೇಂದ್ರನ್ ಕೈಯೆತ್ತಿ ಲೋಟದಿಂದ ಲೋಟಕ್ಕೆ ಚಾ ಎಳೆಯುತ್ತಿದ್ದಾನೆ. ಕೆಳಗೆ ಒಂದು ಸಾಲು: ಈಗಲೂ ಟೀ ಮೇಕರೇ. ಗುಂಪಿನಲ್ಲಿದ್ದವರೆಲ್ಲ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಆ ಹಳದಿ ಮುಖ ಒಂದರ ಕೆಳಗೊಂದು ಸುರಿಯಿತು. ಹಾಲನೂ ಒತ್ತಿದ್ದ. ಒತ್ತುವಾಗ ಏನೂ ಅನ್ನಿಸಲಿಲ್ಲ. ಎಲ್ಲರೂ ಬಾಗಿದ ಕಡೆ ಬೆರಳು ಬಾಗಿತು. ಆ ಸಂಜೆ ಸುಮ್ಮನೆ ಹೆಸರುಗಳನ್ನು ನೋಡುತ್ತಿದ್ದಾಗ ಸುರೇಂದ್ರನ್ ಇನ್ನೂ ಗುಂಪಿನಲ್ಲೇ ಇದ್ದಾನೆಂದು ತಿಳಿಯಿತು. ಯಾರೂ ತೆಗೆದಿರಲಿಲ್ಲ, ಅವನೂ ಬಿಟ್ಟುಹೋಗಿರಲಿಲ್ಲ. ಅಂದಿನಿಂದ ಹಾಲ ಆ ಹಳದಿ ಮುಖವನ್ನು ಅಳಿಸಬೇಕೆಂದು ಹಲವು ಸಲ ಫೋನು ಕೈಗೆತ್ತಿಕೊಂಡಿದ್ದಾನೆ. ಅಳಿಸಿದರೆ ಅಳಿಸಿದ್ದೂ ಎದ್ದು ಕಾಣುತ್ತದೆ ಎಂದು ಕೆಳಗಿಟ್ಟಿದ್ದಾನೆ.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಸಫಾರಿ ಜೀಪುಗಳು ಸಾಲಾಗಿ ನಿಂತಿದ್ದ ಕಡೆ, ಹಸಿರು ಬಣ್ಣ ಬಳಿದ ಹಲಗೆಯ ಮೇಲೆ ಪಂಕಜಂ ಮೆಸ್ ಎಂದು ಬರೆದಿತ್ತು. ಬಾಯ್ಲರಿನ ಹಿಂದೆ ಸುರೇಂದ್ರನ್ ಇದ್ದ. ಫೋಟೋದಲ್ಲಿ ಕಂಡದ್ದಕ್ಕಿಂತ ಎತ್ತರ, ಕಿವಿಯ ಬಳಿ ಕೂದಲು ಪೂರ್ತಿ ಬೆಳ್ಳಗೆ. ಹಾಲ ತನ್ನ ಹೆಸರು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ, ಗುಂಪಿನ ಫೋಟೋದಿಂದ ಗುರುತು ಹಿಡಿದ ಅವನೇ ತಮಿಳು ಮಲಯಾಳ ಬೆರೆಸಿದ ಗೂಡಲೂರಿನ ಮಾತಿನಲ್ಲಿ, "ಬಾ ಹಾಲಾ, ಕೂತ್ಕೋ. ಇವತ್ತು ಮೆಷೀನು ತೊಳೆಯೋ ದಿನ ಅಲ್ವಾ," ಎಂದ, ನಿನ್ನೆಯಷ್ಟೇ ಬಿಟ್ಟುಹೋದ ಮಾತನ್ನು ಮುಂದುವರಿಸುವವನಂತೆ. ಹಾಲ ಬೆಂಚಿನ ತುದಿಯಲ್ಲಿ ಕೂತ. ಜೀಪಿನವನೊಬ್ಬ ಜಾಗ ಬಿಟ್ಟು ಸರಿದ. ಒಳಗಿನಿಂದ ಪಂಕಜಂ ಸೌಟು ಹಿಡಿದೇ ಬಂದು ಇವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಗಂಡನನ್ನು ಕೇಳಿದಳು: "ಯಾರು?"

"ಫ್ಯಾಕ್ಟರಿಯ ಹೊಸ ಮೇಕರ್."

"ಓ, ನಿಮ್ಮ ಕುರ್ಚಿಯವರಾ." ಅವಳ ದನಿಯಲ್ಲಿ ಮುಳ್ಳೇನೂ ಇರಲಿಲ್ಲ, ಹಾಗಾಗಿಯೇ ಚುಚ್ಚಿತು. "ಆ ಕುರ್ಚಿಯ ಒಂದು ಕಾಲು ಕುಂಟು. ಈಗಲೂ ಕುಂಟಾ?"

"ಹೂಂ ಚೇಚಿ. ಕಾಗದ ಮಡಿಸಿ ಇಟ್ಟಿದೀನಿ."

"ಇವರೂ ಕಾಗದವೇ ಇಟ್ಟಿದ್ದು, ಎಂಟು ವರ್ಷ. ಒಂದು ಚೂರು ಮರ ಸಿಗಲಿಲ್ಲ ಇವರಿಗೆ, ಈ ಕಾಡಲ್ಲಿ." ಹೇಳಿ ಅವಳು ಒಳಗೆ ಹೋದಳು. ಜೀಪಿನವರು ನಕ್ಕರು. ಸುರೇಂದ್ರನೂ ನಕ್ಕ. ಹಾಲನ ಮುಂದೆ ಒಂದು ಲೋಟ ಚಾ ಇಟ್ಟು, ಕೈ ಒರೆಸಿಕೊಂಡು ಎದುರಿಗೆ ಕೂತ. ಹಾಲ ಲೋಟವನ್ನು ಎತ್ತಿ ತುಟಿಗಿಡುವ ಮುಂಚೆ ಅಭ್ಯಾಸದಿಂದ ಮೂಗಿನ ಹತ್ತಿರ ತಂದ, ತಂದದ್ದಕ್ಕೆ ನಾಚಿದ. ಹಾಲು, ಏಲಕ್ಕಿ, ಒಳಗೆಲ್ಲೋ ಅಗ್ಗದ ಡಸ್ಟು ಟೀಪುಡಿ. ಯಾರು ಮಾಡಿದ ಡಸ್ಟೋ. ತನ್ನದೇ ಇರಬಹುದು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಈಗ ಒಂದೂ ಕೈಗೆ ಸಿಗುತ್ತಿರಲಿಲ್ಲ. ಊರಿನ ಸುದ್ದಿ, ಮಳೆ, ಬೆಟ್ಟದ ಮೇಲೆ ಮಂಜು ಬಿತ್ತೇ ಎಂಬಲ್ಲಿಂದ ಶುರು ಮಾಡಿ ಮೆಲ್ಲಗೆ ಬರಬೇಕೆಂದುಕೊಂಡಿದ್ದವನು ಒಮ್ಮೆಗೇ, "ಸುರೇಂದ್ರೇಟ್ಟಾ, ಮಧ್ಯಾಹ್ನ ದಾಟಿದ ಮೇಲೆ ನನ್ನ ಟೀ ಸಾಯ್ತದೆ," ಎಂದುಬಿಟ್ಟ.

ಸುರೇಂದ್ರನ್ ತಲೆಯಾಡಿಸಿದ. ಆಶ್ಚರ್ಯಪಡಲಿಲ್ಲ. "ರೋಲರಿನ ಹಲ್ಲು ಮಸೆಸಿದೆಯಾ?"

"ಮಸೆಸಿದೆ."

"ಡ್ರೈಯರಿನ ಬಿಸಿ?"

"ಇಳಿಸಿ ನೋಡಿದೆ, ಏರಿಸಿ ನೋಡಿದೆ."

"ಎಲೆ ಕಂಚಿನ ಬಣ್ಣಕ್ಕೆ ತಿರುಗೋ ಕೋಣೆ ಇದೆಯಲ್ಲ, ಅದರ ಕಿಟಕಿಗೆ ಒದ್ದೆ ಗೋಣಿ ಕಟ್ಟಿಸಿದೆಯಾ, ತಂಪಿಗೆ?"

"ಕಟ್ಟಿಸಿದೆ. ಮಧ್ಯಾಹ್ನದ ಬಿಸಿಲು ಕಾರಣ ಅಂತ ಮುದಲಾಳಿಗೂ ಹೇಳಿದೆ. ನಂಗ ಬೆಟ್ಟದ ಮೇಲಿನ ಕುಂದಾ ಕಡೆಯವರಿಗೆ ಈ ಸೆಕೆ ಹೊಸದಲ್ವಾ."

ಈಗ ಸುರೇಂದ್ರನ್ ಮನಸಾರೆ ನಕ್ಕ. ಆ ನಗುವಿನಲ್ಲಿ ಅಣಕವಿರಲಿಲ್ಲ. ತನ್ನ ಊರಿನವನು ದೂರದ ಸಂತೆಯಲ್ಲಿ ಎದುರಾದಾಗ ನಗುವ ನಗು. "ನಾನು ಹೋದ ದಾರೀಲೇ ಬರ್ತಾ ಇದ್ದೀಯ, ಒಂದು ತಿರುವೂ ಬಿಡದೆ. ಮೊದಲು ಹಲ್ಲು, ಆಮೇಲೆ ಬಿಸಿ, ಆಮೇಲೆ ಗೋಣಿ. ನಾನು ಅದರ ಮೇಲೆ ನೆಲಕ್ಕೂ ಸುಣ್ಣ ಹಾಕಿ ಉಜ್ಜಿಸಿದೆ. ನೀನು ಉಜ್ಜಿಸಬೇಡ, ಅದಲ್ಲ. ನೀರೂ ಅಲ್ಲ. ಒಂದೂವರೆ ವರ್ಷ ಇಡೀ ಅದೂ ಅಲ್ಲ ಇದೂ ಅಲ್ಲ ಅಂತ ಕಳೆದೆ. ಮುದಲಾಳಿ ಕುಡಿದು ಏನಂತಾರೆ ದಿನಾ?"

"ಅವರು ಏನೂ ಬೈಯಲ್ಲ. ಕೊಳ್ಳಾಂ ಅಂತಾರೆ. ಮೊನ್ನೆ ಮಾತ್ರ, ಮಧ್ಯಾಹ್ನದ ಮೇಲೆ ಏನಾಗ್ತದೆ ಹಾಲಾ ಅಂತ ಕೇಳಿದರು."

ಒಳಗೆ ಸೌಟಿನ ಸದ್ದು ನಿಂತಿತು. "ಅಯ್ಯೋ ಪಾವಂ," ಎಂದಳು ಪಂಕಜಂ, ಕಾಣಿಸಿಕೊಳ್ಳದೆಯೇ. "ಕೊಳ್ಳಾಂ ಅಂದರೆ ಚೆನ್ನಾಗಿದೆ ಅಂದುಕೊಂಡಿರಾ?"

"ಅಲ್ವಾ ಚೇಚಿ?"

ಅವಳು ಬಾಗಿಲಿಗೆ ಬಂದಳು. "ಮದುವೆಯಾದ ಹೊಸದರಲ್ಲಿ ನನ್ನ ಸಾಂಬಾರಿಗೆ ಇವರೂ ಕೊಳ್ಳಾಂ ಅಂತಿದ್ದರು. ನಾನು ಹಿಗ್ಗಿ ದಿನಾ ಅದನ್ನೇ ಮಾಡಿ ಬಡಿಸಿದೆ. ಒಂದು ದಿವಸ ಅತ್ತೆ ಕರೆದು ಹೇಳಿದರು, ಮೋಳೇ, ಅದು ಬಾಯಿಗೆ ರುಚಿಸಿತು ಅಂತಲ್ಲ, ಗಂಟಲಲ್ಲಿ ಇಳೀತು ಅಂತ ಅಷ್ಟೇ ಅಂತ."

"ಬೇರೆಯವರು ಅಂದರೆ ಚೆನ್ನಾಗಿದೆ ಅಂತಲೇ," ಎಂದ ಸುರೇಂದ್ರನ್. "ಗೋಪಾಲೇಟ್ಟನ್ ಅಂದರೆ ಹಾಗಲ್ಲ. ಅವರಿಗೆ ಟೀ ಹಿಡಿಸಿದರೆ ಬೈತಾರೆ. ಇದನ್ನ ನಿನ್ನೆ ಯಾಕೆ ಮಾಡಲಿಲ್ಲ ಕತ್ತೆ ಅಂತಾರೆ. ನನಗೆ ಕೊನೆಯ ಎರಡು ತಿಂಗಳು ಕೊಳ್ಳಾಂ ಬಿಟ್ಟು ಬೇರೆ ಮಾತೇ ಸಿಗಲಿಲ್ಲ."

ಹಾಲ ಲೋಟದ ಅಂಚನ್ನು ನೋಡುತ್ತ ಕೂತ. ಐದು ತಿಂಗಳಿನಿಂದ ಸಂಜೆ ಆ ಒಂದು ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಹೋಗಿದ್ದಾನೆ. ಒಂದು ಸಂಜೆ ಅಂಗಡಿಯಿಂದ ಬಿಸಿ ವಡೆ ಕಟ್ಟಿಸಿಕೊಂಡು ಹೋಗಿ, ಇವತ್ತೂ ಕೊಳ್ಳಾಂ ಅಂದರು ಎಂದು ರಮ್ಯಾಳಿಗೆ ಹೇಳಿದ್ದ. ಅವಳು ಮರುದಿನ ಫೋನಿನಲ್ಲಿ ಹಟ್ಟಿಯ ಅವ್ವೆಗೆ ಹೇಳಿದ್ದಳು, ಅವ್ವೆ ನೆರೆಯವರಿಗೆಲ್ಲ ಹೇಳಿದ್ದಳು. ಈಗ ಅಷ್ಟೂ ಸಂಜೆಗಳು ಒಂದೊಂದಾಗಿ ಎದ್ದು ಬಂದು, ತಮ್ಮ ಅರ್ಥ ಬದಲಾಗಿದೆ ಎಂದು ಹೇಳಿ, ಎದುರಿನ ಬೆಂಚಿನಲ್ಲಿ ಕೂತ ಹಾಗಾಯಿತು. ಮುಖ ಬಿಸಿಯಾಯಿತು. ಆದರೆ ಕೆಳಗೆ ಎಲ್ಲೋ ಒಂದು ಸಮಾಧಾನವೂ ಇತ್ತು; ನೆಲ ಇದೇ, ಇದಕ್ಕಿಂತ ಕೆಳಗಿಲ್ಲ ಎಂದು ಕಾಲಿಗೆ ತಿಳಿದ ಸಮಾಧಾನ.

"ಹಾಗಾದರೆ ಯಾವುದು, ಸುರೇಂದ್ರೇಟ್ಟಾ?"

ಸುರೇಂದ್ರನ್ ಎದ್ದು ಹೋಗಿ ಇಬ್ಬರಿಗೆ ಚಾ ಎಳೆದು ಕೊಟ್ಟ, ಚಿಲ್ಲರೆ ಕೊಟ್ಟ, ಬಾಯ್ಲರಿಗೆ ನೀರು ಸುರಿದ. ಹಾಲನಿಗೆ ಇವನು ಹೇಳುವುದಿಲ್ಲ ಎನ್ನಿಸಿತು. ಯಾಕೆ ಹೇಳಬೇಕು? ತಾನು ಎಡವಿ ಬಿದ್ದರೆ ಆ ಕುರ್ಚಿ ಮತ್ತೆ ಖಾಲಿಯಾಗುತ್ತದೆ. ಇವನು ಬಾಯಿ ಮುಚ್ಚಿಕೊಂಡು ಇಲ್ಲೇ ನಿಂತು ತಿಂಗಳು ಮುಗಿಯುವುದನ್ನು ಕಾದರೆ ಸಾಕು. ಇವನ ಜಾಗದಲ್ಲಿ ತಾನಿದ್ದರೆ ಹೇಳುತ್ತಿದ್ದೆನೇ ಎಂದು ಕೇಳಿಕೊಂಡ. ಸುರೇಂದ್ರನ್ ಬಂದು ಕೂತ.

"ನೀನು ಇವತ್ತಿನ ಗಡಿಯಾರ ನೋಡ್ತಾ ಇದ್ದೀಯ. ಇವತ್ತು ಮಧ್ಯಾಹ್ನ ದಾಟಿದ ಮೇಲೆ ಇಳಿಯೋ ಟೀ ಯಾವಾಗ ಬಂದ ಎಲೆ?"

"ನಿನ್ನೆ ಬಂದದ್ದು. ರಾತ್ರಿಯೆಲ್ಲ ಟ್ರಫ್ಫಿನ ಉದ್ದ ತೊಟ್ಟಿಯಲ್ಲಿ ಬಾಡಬೇಕಲ್ಲ."

"ನಿನ್ನೆ ಯಾವಾಗ? ಮೊದಲು ಬಂದ ಎಲೆ ಬೆಳಿಗ್ಗೆ ಮೊದಲು ಮೆಷೀನಿಗೆ ಹೋಗ್ತದೆ. ಕೊನೆಗೆ ಬಂದದ್ದು ಕೊನೆಗೆ. ಮಧ್ಯಾಹ್ನದ ಮೇಲೆ ಹೋಗೋದು ಕೊನೆಯ ವ್ಯಾನಿನದು. ಕೊನೆಗೆ ಎಲೆ ತರೋದು ಯಾರು?"

"ಸಂತೋಷ್‌ಕುಮಾರ್."

"ಮುದಲಾಳಿಯ ಅಳಿಯನ್."

"ಅವರಿಗೆ ಮಗಳೇ ಇಲ್ಲವಲ್ಲ," ಎಂದ ಹಾಲ.

"ಎಡೋ, ನಿನ್ನ ಭಾಷೆಯ ಅಳಿಯ ಅಲ್ಲ. ನಮ್ಮಲ್ಲಿ ಅಳಿಯನ್ ಅಂದರೆ ಹೆಂಡತಿಯ ತಮ್ಮನೂ ಆಗ್ತದೆ. ನೀನು ಅಲ್ಲಿ ಐದು ತಿಂಗಳಿದ್ದು ಯಾರು ಯಾರಿಗೆ ಏನಾಗಬೇಕು ಅಂತಲೂ ಕೇಳಲಿಲ್ಲವಾ?"

ಕೇಳಿರಲಿಲ್ಲ. ಹಾಲನ ಮನಸ್ಸು ಫ್ಯಾಕ್ಟರಿಯ ಅಂಗಳಕ್ಕೆ ಹೋಗಿತ್ತು. ಕತ್ತಲಾಗುವ ಹೊತ್ತಿಗೆ ಬರುವ ಆ ವ್ಯಾನು, ಅದರ ಹಿಂಬಾಗಿಲು, ಒದ್ದೆ ಚೀಲಗಳು. ಕುಂದಾದಲ್ಲಿ ಕಲಿತಂತೆ ಅವನು ಮೊದಲ ವಾರವೇ ಅಲ್ಲಿ ನಿಂತು ಒಂದು ಚೀಲದೊಳಗೆ ಮೊಳಕೈ ತನಕ ತೋಳು ಇಳಿಸಿ ನೋಡಿದ್ದ. ಒತ್ತಿ ತುಂಬಿದ ಎಲೆ ಬಹಳ ಹೊತ್ತು ಕೂತರೆ ಒಳಗೇ ಬೇಯುತ್ತದೆ, ಕೈಗೆ ಬಿಸಿ ತಟ್ಟುತ್ತದೆ. ಕೈ ತಣ್ಣಗೆ ಹೊರಬಂದರೆ ಎಲೆಗೆ ಜೀವವಿದೆ ಎಂದು ಲೆಕ್ಕ. ಅವನ ಕೈ ತಣ್ಣಗೆ ಬಂದಿತ್ತು. ಬೆಟ್ಟದ ನೀರಿನಲ್ಲಿ ಅದ್ದಿ ತೆಗೆದಷ್ಟು ತಣ್ಣಗೆ. ಖುಷಿಯಾಗಿ ಸಂತೋಷ್‌ಕುಮಾರನಿಗೆ, ನಿಮ್ಮ ಎಲೆ ಒಳ್ಳಿತ್ತು ಎಂದಿದ್ದ. ಅವನು ಹಲ್ಲು ತೋರಿಸಿ ನಕ್ಕು, ಮೇಲಿಂದ ಬಂದವರಿಗೆ ಎಲೆ ಗೊತ್ತಾಗ್ತದೆ ಎಂದಿದ್ದ. ವ್ಯಾನಿನ ಹಿಂದೆ ನಿಂತ ಇಬ್ಬರು ಕೂಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದು ಈಗ ನೆನಪಾಯಿತು.

"ನಾನು ಕೈ ಹಾಕಿ ನೋಡಿದೀನಿ. ತಣ್ಣಗಿತ್ತು," ಎಂದ.

"ತಣ್ಣಗಿರ್ತದೆ. ಬೆಳಿಗ್ಗೆ ಕೊಯ್ದದ್ದನ್ನ ಒತ್ತಿ ತುಂಬಿ, ವ್ಯಾನು ತುಂಬೋ ತನಕ ಬಿಸಿಲಲ್ಲಿ ಇಟ್ಟಿರ್ತಾನೆ. ಬರೋ ದಾರೀಲಿ ಒಂದು ತೋಡು ಉಂಟು. ಅಲ್ಲಿ ನಿಲ್ಲಿಸಿ ಚೀಲದ ಮೇಲೆಲ್ಲ ನೀರು ಹೊಡೀತಾನೆ. ತಂಪೂ ಆಯಿತು, ತೂಕವೂ ಆಯಿತು. ಗೂಡಲೂರಲ್ಲಿ ಎಲೆ ಒದ್ದೆ ಇದ್ದರೆ ಯಾರು ಕೇಳ್ತಾರೆ, ಎಲ್ಲೋ ಒಂದು ಮಳೆ ಬಿದ್ದೇ ಇರ್ತದೆ. ನಿಮಗೆ ತಂಪು ಅಂದರೆ ತಾಜಾ. ಇಲ್ಲಿ ತಂಪು ಅಂದರೆ ನೀರು. ಕೈ ಹಾಕಬೇಡ. ತೊಟ್ಟು ಮುರಿದು ನೋಡು. ಒಳಗೆ ಕೆಂಪಾಗಿದ್ದರೆ ಅದು ಬೆಂದ ಎಲೆ."

ಅಷ್ಟೇ. ಎಂತಹ ಸಣ್ಣ ವಿಷಯ ಎನ್ನಿಸಿತು ಹಾಲನಿಗೆ. ಇದಕ್ಕಾಗಿ ತಾನು ನಿದ್ದೆ ಕೆಟ್ಟದ್ದು, ಗೋಣಿ ಕಟ್ಟಿಸಿದ್ದು, ರಮ್ಯಾಳ ಎದುರು ಮುಖ ತಪ್ಪಿಸಿದ್ದು. ಆದರೆ ಇನ್ನೊಂದು ಪ್ರಶ್ನೆ ಬಾಯಲ್ಲಿ ನಿಂತಿತ್ತು, ಸುರೇಂದ್ರನ್ ಅದನ್ನು ಓದಿಕೊಂಡ. "ಗೊತ್ತಿದ್ದೂ ಇಲ್ಲಿ ಯಾಕೆ ನಿಂತಿದ್ದೀನಿ ಅಂತ ತಾನೆ? ಹೇಳಿದೆ. ಅಂಗಳದಲ್ಲಿ, ಎಲ್ಲರೂ ಇದ್ದಾಗ, ತೊಟ್ಟು ಮುರಿದು ಆ ಸಂತೋಷನ ಮೂಗಿಗೆ ಹಿಡಿದು ಹೇಳಿದೆ. ಕಂಡುಹಿಡಿದ ಖುಷಿ ನನಗೆ. ಗೋಪಾಲೇಟ್ಟನ್ ಮೇಲಿನ ಕಿಟಕಿಯಲ್ಲಿ ನಿಂತಿದ್ದರು. ಅವರ ಹೆಂಡತಿಯೂ ಅವತ್ತು ಬಂದಿದ್ದರು. ಮರುದಿನದಿಂದ ಕೊಳ್ಳಾಂ ಶುರುವಾಯಿತು." ಅವನು ಬೆಂಚಿನ ಮೇಲೆ ಬಿದ್ದಿದ್ದ ಸಕ್ಕರೆಯ ಕಾಳುಗಳನ್ನು ಅಂಗೈಯಿಂದ ಒಂದೆಡೆ ಕೂಡಿಸಿದ. "ನಾನು ಹೇಳಿದೆ. ನೀನು ಹೇಳಬೇಡ. ಕುಡಿಸು. ಒಂದೇ ದಿವಸದ ಎರಡು ಎಲೆ, ಬೇರೆ ಬೇರೆ ಮಾಡಿ, ಎರಡು ಕಪ್ಪು ಪಕ್ಕದಲ್ಲಿ ಇಡು. ಅವರ ನಾಲಗೆ ಸುಳ್ಳು ಹೇಳಲ್ಲ, ನಾಲಗೆಯ ಮೇಲೆ ಅವರಿಗೆ ಸಿಟ್ಟೂ ಬರಲ್ಲ. ನನ್ನ ಹೆಸರು ಮಾತ್ರ ಎತ್ತಬೇಡ. ಎತ್ತಿದರೆ ಇದು ನನ್ನ ಹಳೇ ಜಗಳ ಆಗ್ತದೆ, ನೀನೂ ಅದರಲ್ಲಿ ಬೀಳ್ತೀಯ."

ಬಸ್ಸಿಗೆ ಹೊತ್ತಾಗಿತ್ತು. ಹಾಲ ಎದ್ದು ನಿಂತು, ಫೋಟೋದ ವಿಷಯ ಹೇಳಬೇಕೋ ಬೇಡವೋ ಎಂದು ತೂಗುತ್ತಿರುವಾಗಲೇ ಸುರೇಂದ್ರನ್, "ಆ ಫೋಟೋ ದಿನೇಶ್‌ಗೆ ನಾನೇ ಕಳಿಸಿದ್ದು, ಗೊತ್ತಾ," ಎಂದ. "ಪಂಕಜಂ ತೆಗೆದದ್ದು. ಇಲ್ಲಿದ್ದೀನಿ ಅಂತ ತಿಳಿದರೆ ಯಾರಾದರೂ ಫೋನು ಮಾಡ್ತಾರೆ, ಎಲ್ಲಾದರೂ ಜಾಗ ಇದ್ದರೆ ಹೇಳ್ತಾರೆ ಅಂತ. ಅವನು ಗುಂಪಲ್ಲಿ ಹಾಕಿದ. ಎಲ್ಲರೂ ನಕ್ಕರು." ಸ್ವಲ್ಪ ತಡೆದು, "ನನ್ನ ಹೊಟ್ಟೆಯೂ ಅದರಲ್ಲಿ ದೊಡ್ಡದಾಗೇ ಕಾಣ್ತದೆ, ನಗು ಬರೋದೇ," ಎಂದ.

ನಾನೂ ನಕ್ಕೆ ಎನ್ನುವುದು ಇವನಿಗೆ ಹೊಸ ಸುದ್ದಿಯಲ್ಲ. ಹಾಲ ಜೇಬಿಗೆ ಕೈ ಹಾಕಿ ಚಾದ ಹಣ ತೆಗೆದ. ಸುರೇಂದ್ರನ್ ಅವನ ಮಣಿಕಟ್ಟು ಹಿಡಿದು ಕೈಯನ್ನು ಜೇಬಿಗೇ ಮರಳಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು ಬಂದ ಅವನಿಗೆ ದಾರಿಯುದ್ದಕ್ಕೂ ಮಣಿಕಟ್ಟಿನ ಮೇಲೆ ಆ ಬೆರಳುಗಳ ಒತ್ತು ಹಾಗೇ ಇತ್ತು.

ಸೋಮವಾರ ಸಂಜೆ ಕೊನೆಯ ವ್ಯಾನು ಬಂದಾಗ ಹಾಲ ಕೆಳಗೆ ಹೋಗಲಿಲ್ಲ. ಸಂತೋಷ್‌ಕುಮಾರ್ ಹೋದ ಮೇಲೆ ಹೋಗಿ ಹತ್ತಿರದ ಚೀಲದಿಂದ ಒಂದು ಚಿಗುರು ಎತ್ತಿ ತೊಟ್ಟು ಮುರಿದ. ಒಳಗೆ ತುಕ್ಕಿನ ಬಣ್ಣ. ಇನ್ನೊಂದು ಮುರಿದ, ಅದೂ ಹಾಗೆಯೇ. ಎಲೆ ಮಾತ್ರ ಮಳೆಯಲ್ಲಿ ನೆಂದ ಮಗುವಿನ ಕೆನ್ನೆಯ ಹಾಗೆ ತಣ್ಣಗಿತ್ತು. ಆ ವ್ಯಾನಿನದಷ್ಟನ್ನೂ ತುದಿಯ ಟ್ರಫ್ಫಿನಲ್ಲಿ ಬೇರೆ ಹರಡಿಸಲು ಹೇಳಿದ. ಹರಡುತ್ತಿದ್ದ ತೇನ್ಮೊಳಿ, "ಏನು ಸಾರ್, ಮುದಲಾಳಿ ಮನೆಯ ಎಲೆಗೆ ಬೇರೆ ಮನೆಯಾ?" ಎಂದಳು. ಹಾಲ ಅವಳನ್ನು ನೋಡಿದ. ಅವಳ ಕಣ್ಣಲ್ಲಿ ಎಲ್ಲವೂ ಇತ್ತು; ಇಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಕೇಳಲು ತಾನು ಮಸಿನಗುಡಿಗೆ ಹೋಗಬೇಕಾಯಿತು. "ಜಾಗ ಸಾಲದು, ಅದಕ್ಕೆ," ಎಂದ. "ಓ," ಎಂದು ಅವಳು ಎಲೆ ಎರಚಿದಳು.

ಮಂಗಳವಾರ ಅವನು ಹಿಂದಿನ ದಿನ ಮೊದಲು ಬಂದ ಎಲೆಯಲ್ಲಿ ಒಂದಿಷ್ಟನ್ನು ಹಿಡಿದಿಟ್ಟು, ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ ಚಟಪಟ ಎನ್ನುವ ಹೊತ್ತಿಗೆ, ಅದನ್ನೂ ತುದಿಯ ಟ್ರಫ್ಫಿನ ಎಲೆಯನ್ನೂ ಒಂದರ ಹಿಂದೊಂದು ಅದೇ ಮೆಷೀನಿಗೆ ಬಿಟ್ಟ. ಹರಡಿದ ಪುಡಿ ಹಸಿರಿನಿಂದ ಕಂಚಿಗೆ ತಿರುಗುವುದನ್ನು ಮೊಣಕಾಲೂರಿ ನೋಡಿದ. ಒಂದರ ವಾಸನೆ ಸೇಬಿನ ಹಾಗೆ ಏರಿತು. ಇನ್ನೊಂದು ಏರಲೇ ಇಲ್ಲ, ನೆಂದ ಚೀಲದ ಹಾಗೆ ಅಲ್ಲೇ ಉಳಿಯಿತು. ಇಷ್ಟು ದಿನ ಇವೆರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮೂಸಿದ್ದರಿಂದ, ನಡುವಿನದು ಬಿಸಿಲು ಎಂದುಕೊಂಡಿದ್ದ.

ಸಂಜೆ ರುಚಿ ನೋಡುವ ಕೋಣೆಯಲ್ಲಿ ಗೋಪಾಲನ್ ಎಂದಿನಂತೆ ಕಿಟಕಿಯ ಬಳಿ ನಿಂತರು. ಹಾಲ ಎರಡೇ ಬಿಳಿ ಕಪ್ಪುಗಳನ್ನಿಟ್ಟಿದ್ದ. ಅವರು ಚಮಚದಿಂದ ಸೊರ್ರನೆ ಎಳೆದು, ಬಾಯಲ್ಲಿ ಸುತ್ತಿಸಿ, ಬಕೆಟ್ಟಿಗೆ ಉಗಿದರು. ಎರಡನೆಯದನ್ನು ಎಳೆದರು, ಉಗಿದರು. ಮತ್ತೆ ಮೊದಲನೆಯದಕ್ಕೆ ಬಂದರು. ಕೊಳ್ಳಾಂ ಎನ್ನಲಿಲ್ಲ.

"ಎರಡೂ ಇವತ್ತಿನದಾ?"

"ಇವತ್ತಿನದೇ. ಒಂದೇ ಮೆಷೀನು, ಒಂದೇ ಹೊತ್ತು. ಮಧ್ಯಾಹ್ನದ ಮೇಲೆ ಮಾಡಿದ್ದು."

"ಎರಡೂ ಮಧ್ಯಾಹ್ನದ ಮೇಲೆ?"

"ಹೌದು ಸಾರ್."

ಯಾರ ಎಲೆ ಎಂದು ಅವರು ಕೇಳಲಿಲ್ಲ. ಎರಡನೆಯ ಕಪ್ಪಿನ ಮೇಲೆ ಬಾಗಿ ಮೂಸಿದರು, ಬಹಳ ಹೊತ್ತು. ಕೆಳಗೆ ಅಂಗಳದಲ್ಲಿ ವ್ಯಾನು ಬಂದ ಹಾರ್ನು ಕೇಳಿಸಿತು, ಬಾಗಿಲು ಬಡಿದ ಸದ್ದು, ಸಂತೋಷ್‌ಕುಮಾರ್ ಯಾರಿಗೋ ಏನೋ ಹೇಳಿ ನಕ್ಕದ್ದು. ಗೋಪಾಲನ್ ಕಿಟಕಿಯಿಂದ ಕೆಳಗೆ ನೋಡಿದರು. ಅವರ ಕತ್ತಿನ ಹಿಂಭಾಗ ಮಾತ್ರ ಹಾಲನಿಗೆ ಕಾಣುತ್ತಿತ್ತು. ಮುದಿಯಾಗುತ್ತಿರುವ ಒಬ್ಬ ಮನುಷ್ಯನ, ಎಣ್ಣೆ ಹಚ್ಚಿ ಬಾಚಿದ, ಸಾಧಾರಣವಾದ ಕತ್ತು. ಇವರಿಗೂ ಮನೆಯಲ್ಲಿ ಹೇಳಲಾಗದ್ದು ಇರುತ್ತದೆ ಎಂದು ಹಾಲನಿಗೆ ಮೊದಲ ಸಲ ಅನ್ನಿಸಿತು.

"ನಾಳೆ ಇದನ್ನ ಬೇರೆ ಹಾಕೋದು ಬೇಡ," ಎಂದರು, ತಿರುಗದೆ.

"ಉಳಿದ ಎಲೆ ಜೊತೆ ಬೆರೆಸಲಾ ಸಾರ್?"

"ಇನ್ನು ಆ ಎಲೆ ಬಂದರಲ್ಲವಾ ಬೆರೆಸೋದು."

ಅವರು ತಿರುಗಿ ಹಾಲನನ್ನು ನೋಡಿದರು. ಐದು ತಿಂಗಳಲ್ಲಿ ಹಾಗೆ ನೋಡಿರಲಿಲ್ಲ. "ಕತ್ತೆ, ಇದನ್ನ ಮಾಡೋಕೆ ಇಷ್ಟು ದಿವಸ ಬೇಕಾಯಿತಾ? ಎರಡು ಕಪ್ಪು ಇಡಬೇಕು ಅಂತ ನಿನಗೇ ಹೊಳೆದದ್ದಾ?"

ಹೌದು ಎನ್ನಬಹುದಿತ್ತು. ಹೌದು ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಎಲೆ ಹಿಡಿದಿಟ್ಟವನು, ಮೊಣಕಾಲೂರಿ ಮೂಸಿದವನು ತಾನೇ. ಸುರೇಂದ್ರನೇ ತನ್ನ ಹೆಸರು ಎತ್ತಬೇಡ ಎಂದಿದ್ದಾನೆ, ಅನುಭವಿಸಿ ಹೇಳಿದ್ದಾನೆ, ಆ ಮಾತನ್ನು ಪಾಲಿಸುವುದು ಅವನಿಗೆ ಕೊಡುವ ಮರ್ಯಾದೆಯೇ ಅಲ್ಲವೇ. ಒಂದು ಅಕ್ಷರ ಹೇಳಿದರೆ ಕೆಲಸ ಖಾಯಂ, ರಮ್ಯಾಳಿಗೆ ಏನನ್ನೂ ಬಿಚ್ಚಿ ಹೇಳಬೇಕಾಗಿಲ್ಲ. ಬಾಯಿ ಆ ಅಕ್ಷರಕ್ಕೆ ಸಿದ್ಧವಾಗಿಯೂ ಇತ್ತು. ಅದು ಬರಲಿಲ್ಲ.

"ಇಲ್ಲ ಸಾರ್. ಸುರೇಂದ್ರೇಟ್ಟನ್ ಹೇಳಿದ್ದು. ಭಾನುವಾರ ಹೋಗಿ ಕೇಳಿದೆ."

ಗೋಪಾಲನ್ ಕೈಯಲ್ಲಿದ್ದ ಚಮಚವನ್ನು ನೀರಿನಲ್ಲಿ ಅದ್ದಿ ತೆಗೆದು, ಒರೆಸಿ, ಮೇಜಿನ ಮೇಲಿಟ್ಟರು. "ಅವನು ನನ್ನ ವಿಷಯ ಏನಂದ?"

"ನಿಮ್ಮ ನಾಲಗೆ ಸುಳ್ಳು ಹೇಳಲ್ಲ ಅಂದರು."

ಕೆಳಗೆ ಚೀಲಗಳನ್ನು ಇಳಿಸಲು ಶುರು ಮಾಡಿದ್ದರು. ಗೋಪಾಲನ್ ಕನ್ನಡಕ ಏರಿಸಿಕೊಂಡು ಫೋನು ಕೈಗೆ ತೆಗೆದುಕೊಂಡರು. "ಅವನ ಹಳೇ ನಂಬರಿಗೆ ಫೋನು ಹೋಗೋದಿಲ್ಲ. ಹೊಸದು ಇದೆಯಾ ನಿನ್ನ ಹತ್ತಿರ?"

ಇತ್ತು. ಹಾಲ ತನ್ನ ಫೋನು ತೆರೆದು ಗುಂಪಿನ ಹೆಸರುಗಳಲ್ಲಿ ಸುರೇಂದ್ರನನ್ನು ಹುಡುಕಿದ. ಇದು ತನ್ನ ಕುರ್ಚಿಯನ್ನು ತಾನೇ ಎತ್ತಿ ಕೊಡುವುದೂ ಆಗಬಹುದು, ಆಗದೆಯೂ ಇರಬಹುದು. ಗೋಪಾಲನ್ ಮುಖದಲ್ಲಿ ಏನೂ ಬರೆದಿರಲಿಲ್ಲ. ಅವರ ಬೆರಳು ಕಾಯುತ್ತಿತ್ತು. ಹಾಲ ಒಂದೊಂದು ಅಂಕಿಯನ್ನೂ ನಿಧಾನವಾಗಿ, ಅವರು ಒತ್ತುವುದನ್ನು ನೋಡಿ ನೋಡಿ, ತಪ್ಪಾಗದ ಹಾಗೆ ಹೇಳಿದ.